ಪೆಪ್ಟೈಡ್ ಪೊರೆ ಒಡೆಯುವುದನ್ನು ನಾನು ಅಳೆದ ಬಗೆ

ಮ್ಯಾಗೈನಿನ್-2 ಅಂದರೆ 23 ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಅಂದರೆ ಒಂದು ಪೆಪ್ಟೈಡ್, ಅಷ್ಟೇ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಚರ್ಮದಲ್ಲಿ ಇದು ಸಿಕ್ಕಿದ್ದನ್ನು ಮೈಕೆಲ್ ಝಾಸ್ಲಾಫ್ 1987ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಇದು ನಮ್ಮ ಕೆಂಪು ರಕ್ತಕಣಗಳಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಯಾಕೆ ಅಂತ ನಾನೇ ನೋಡಬೇಕಿತ್ತು.

ಜೀವಂತ ಕೋಶದಲ್ಲಿ ನೂರೆಂಟು ಕೆಲಸ ಒಟ್ಟಿಗೆ ನಡೆಯುತ್ತವೆ. ಹಾಗಾಗಿ ಬರೀ ಪೊರೆಯ ಗುಳ್ಳೆಗಳನ್ನು, ಅಂದರೆ ಲಿಪೊಸೋಮ್‌ಗಳನ್ನು, ಮಾಡಿಕೊಂಡೆ. ಒಂದು ಬಗೆಯಲ್ಲಿ ಪಿಒಪಿಸಿ ಅನ್ನುವ ಲಿಪಿಡ್ (ಪೊರೆ ಕಟ್ಟುವ ಕೊಬ್ಬು), ಅದರ ಜೊತೆ ಋಣ ಚಾರ್ಜಿನ ಇನ್ನೊಂದು ಲಿಪಿಡ್ ಪಿಒಪಿಜಿ. ಇದು ಬ್ಯಾಕ್ಟೀರಿಯಾದ ಪೊರೆಗೆ ಹತ್ತಿರ. ಇನ್ನೊಂದರಲ್ಲಿ ಪಿಒಪಿಸಿ ಮತ್ತು ಕೊಲೆಸ್ಟರಾಲ್. ಇದು ನಮ್ಮ ಕೋಶದ ಹೊರಮೈಗೆ ಹತ್ತಿರ. ಒಳಗೆ 70 ಮಿಲಿಮೋಲಾರ್ ಕ್ಯಾಲ್ಸೀನ್ ಬಣ್ಣ. ಅಷ್ಟು ದಟ್ಟವಾಗಿದ್ದರೆ ಅದು ಮಂಕು, ಸೋರಿ ತೆಳುವಾದರೆ ಹೊಳೆಯುತ್ತದೆ.

ಹೊರಗುಳಿದ ಬಣ್ಣವನ್ನು ಸೆಫಾಡೆಕ್ಸ್ ಕಾಲಂನಲ್ಲಿ, ಅಂದರೆ ಗಾತ್ರ ನೋಡಿ ಬೇರೆ ಮಾಡುವ ಜೆಲ್ ತುಂಬಿದ ಕೊಳವೆಯಲ್ಲಿ, ಬೇರ್ಪಡಿಸಿದೆ. ಹೊರಗಿನ ಬಫರ್ ದ್ರಾವಣದ ಆಸ್ಮೋಟಿಕ್ ಒತ್ತಡ ಒಳಗಿನದಕ್ಕೆ ಹೊಂದಲೇಬೇಕು. ಇಲ್ಲದಿದ್ದರೆ ನೀರು ನುಗ್ಗಿ ಗುಳ್ಳೆ ತಾನಾಗಿಯೇ ಸೋರುತ್ತದೆ, ಅದನ್ನು ಪೆಪ್ಟೈಡಿನ ಕೆಲಸ ಅಂದುಕೊಳ್ಳುತ್ತೇವೆ. 490 ನ್ಯಾನೋಮೀಟರ್ ಬೆಳಕು ಕೊಟ್ಟು 520ರಲ್ಲಿ ಅಳೆದೆ. ಕೊನೆಗೆ ಟ್ರೈಟನ್ ಅನ್ನುವ ಡಿಟರ್ಜೆಂಟ್ ಹಾಕಿದಾಗ ಎಲ್ಲ ಒಡೆಯುತ್ತದಲ್ವಾ, ಅದೇ ಶೇ. 100.

ಪಿಒಪಿಜಿ ಗುಳ್ಳೆಗಳಿಗೆ ಮ್ಯಾಗೈನಿನ್ ಹಾಕಿದ ತಕ್ಷಣ ಹೊಳಪಿನ ರೇಖೆ ಮೇಲೇರಿತು. ಕೊಲೆಸ್ಟರಾಲ್ ಗುಳ್ಳೆಗಳಲ್ಲಿ ಅದೇ ಪ್ರಮಾಣಕ್ಕೆ ಹೆಚ್ಚುಕಡಿಮೆ ಅಲುಗಲೇ ಇಲ್ಲ. ಹೋಲಿಕೆಗೆ ಇಟ್ಟಿದ್ದ ಮೆಲಿಟಿನ್, ಅಂದರೆ ಜೇನುನೊಣದ ವಿಷದ ಪೆಪ್ಟೈಡ್, ಎರಡನ್ನೂ ಒಡೆಯಿತು. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ. ಸೋರಿಕೆ ತೋರಿಸುವುದು ಸುಲಭ. ಯಾವ ಪೊರೆಯನ್ನು ಬಿಟ್ಟು ಯಾವುದನ್ನು ಒಡೆಯುತ್ತದೆ ಅನ್ನುವುದೇ ಔಷಧಿಯ ಪ್ರಶ್ನೆ.

ಮ್ಯಾಗೈನಿನ್ ಧನ ಚಾರ್ಜಿನದು, ಋಣ ಚಾರ್ಜಿನ ಪೊರೆಗೆ ಅಂಟುತ್ತದೆ. ನೀರಿನಲ್ಲಿ ಅದಕ್ಕೆ ನಿರ್ದಿಷ್ಟ ಆಕಾರವಿಲ್ಲ. ಪೊರೆ ತಾಗಿದಾಗ ಹೆಲಿಕ್ಸ್ ಆಗಿ ಸುರುಳಿ ಸುತ್ತುತ್ತದೆ. ಅದರ ಒಂದು ಬದಿ ಕೊಬ್ಬಿಗೆ, ಇನ್ನೊಂದು ಬದಿ ನೀರಿಗೆ ಒಗ್ಗುತ್ತದೆ. ಮೊದಲು ಪೊರೆಯ ಮೇಲೆ ಅಡ್ಡ ಮಲಗುತ್ತದೆ. ಸಂಖ್ಯೆ ಜಾಸ್ತಿಯಾದಂತೆ ಪೊರೆ ತೆಳುವಾಗುತ್ತದೆ, ಒಂದು ಮಿತಿ ದಾಟಿದರೆ ಲಿಪಿಡ್‌ಗಳು ಬಾಗಿ, ಪೆಪ್ಟೈಡ್ ಜೊತೆ ಸೇರಿ ರಂಧ್ರದ ಗೋಡೆಯಾಗುತ್ತವೆ. ಆದ್ದರಿಂದ ಸುಮ್ನೆ ಪೆಪ್ಟೈಡಿನ ಸಾಂದ್ರತೆ ಬರೆದರೆ ಸಾಲದು, ಲಿಪಿಡ್‌ಗೆ ಎಷ್ಟು ಪೆಪ್ಟೈಡ್ ಅನ್ನುವ ಅನುಪಾತ ಬೇಕು.

ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಹೊರಪೊರೆ ಇದೆ. ಅಲ್ಲಿ ಲಿಪೊಪಾಲಿಸ್ಯಾಕರೈಡ್‌ಗಳನ್ನು, ಅಂದರೆ ಸಕ್ಕರೆ ಸರಪಳಿ ಅಂಟಿದ ಲಿಪಿಡ್‌ಗಳನ್ನು, ಮೆಗ್ನೀಸಿಯಂ ಹಿಡಿದಿಟ್ಟಿರುತ್ತದೆ. ಪೆಪ್ಟೈಡ್ ಅದನ್ನು ಸರಿಸಿ ನುಗ್ಗಬೇಕು. ಬಫರ್‌ನಲ್ಲಿ ಮೆಗ್ನೀಸಿಯಂ ಹೆಚ್ಚಿದ್ದರೆ ಪೆಪ್ಟೈಡಿನ ಜೋರು ತಗ್ಗುತ್ತದೆ. ಹಾಗಾಗಿ ಅದರ ಪ್ರಮಾಣ ಬರೆದಿಡದೆ ಕೋಶಗಳ ಪ್ರಯೋಗಕ್ಕೆ ನಾನು ಕೈ ಹಾಕುವುದಿಲ್ಲ.