ಟನ್ ಲೆಕ್ಕದಲ್ಲಿ ಬೆಲ್ಲ ಕೊಳ್ಳೋರಿಗೆ ಏನು ಪೋಸ್ಟ್ ಹಾಕಬೇಕು?

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ. ಶುರುವಿನಲ್ಲಿ ನಾನು ಇನ್‌ಸ್ಟಾಗ್ರಾಮ್‌ಗೆ ಹಾಕ್ತಿದ್ದದ್ದು ಒಂದೇ: ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯೋ ಕಬ್ಬಿನ ಹಾಲು, ಹಿಂದೊಂದು ಹಾಡು. ಲೈಕು ಬಂತು. "ಅಣ್ಣಾ, ಎರಡು ಕೆಜಿ ಕೊರಿಯರ್ ಮಾಡ್ತೀರಾ?" ಅನ್ನೋರೂ ಬಂದ್ರು. ಲೋಡ್ ಕೇಳೋ ಒಬ್ಬನೂ ಬರಲಿಲ್ಲ.

ಯಾಕಂದ್ರೆ ಮಿಠಾಯಿ ಕಾರ್ಖಾನೆಯ ಪರ್ಚೇಸ್‌ನವನು ಬೆಲ್ಲ ತಿನ್ನೋಕೆ ಕೊಳ್ಳೋದಿಲ್ಲ ಕಣ್ರೀ. ಮಾಲು ಕೆಟ್ಟರೆ ಬೈಸಿಕೊಳ್ಳೋನು ಅವನು. ಆ ಭಯಕ್ಕೆ ಉತ್ತರ ಕೊಡೋದೇ ನಮ್ಮ ಪೋಸ್ಟಿನ ಕೆಲಸ.

ವಾಟ್ಸಾಪ್ ಬಿಸಿನೆಸ್‌ನಿಂದ ಶುರು ಮಾಡಿ. 2018ರಲ್ಲಿ ಬಂದ ಆ್ಯಪ್, ಪುಕ್ಕಟೆ. ಕ್ಯಾಟಲಾಗಿನಲ್ಲಿ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲ ಬೇರೆಬೇರೆ ಹಾಕಿ. ಒಂದೊಂದರ ಕೆಳಗೂ ತೂಕ, ಪ್ಯಾಕಿಂಗ್, ಕನಿಷ್ಠ ಎಷ್ಟು ಕೊಳ್ಳಬೇಕು, ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಇರಲಿ. ದರ ಬರೀಬೇಡಿ. ಮಂಡ್ಯ ಮಾರುಕಟ್ಟೆಯಲ್ಲಿ ಅದು ದಿನಾ ಏರಿಳಿಯುತ್ತೆ, ಹಳೇ ದರ ಹಿಡ್ಕೊಂಡು ಜಗಳಕ್ಕೆ ಬರ್ತಾರೆ. ಸರ್ಟಿಫಿಕೇಟ್ ಇಲ್ಲದೆ "ಸಾವಯವ" ಅಂತಲೂ ಬರೀಬೇಡಿ.

ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸೋ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ನಾನೊಮ್ಮೆ ಚೆನ್ನಾಗಿ ಪೆಟ್ಟು ತಿಂದೆ. ಒಂದು ಪಟ್ಟಿಗೆ 256 ಜನ ಹಿಡೀತಾರೆ ಅಂತ ಸಿಕ್ಕ ವ್ಯಾಪಾರಿಗಳನ್ನೆಲ್ಲ ತುಂಬಿ, ಹಬ್ಬಕ್ಕೆ ಮುಂಚೆ ಸ್ಟಾಕ್ ವಿವರ ಕಳಿಸಿದೆ. ಉತ್ತರ ಬಂದದ್ದು ಬೆರಳೆಣಿಕೆ. ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತೆ ಅನ್ನೋದೇ ಗೊತ್ತಿರಲಿಲ್ಲ! ಈಗ ಮೊದಲ ಮಾತಿನಲ್ಲೇ "ಸಾರ್, ನಂಬರ್ ಸೇವ್ ಮಾಡ್ಕೊಳ್ಳಿ, ಆಲೆ ಶುರುವಾದಾಗ ಹೇಳ್ತೀನಿ" ಅಂತೀನಿ.

ಹೊಸ ಪಾರ್ಟಿ ಹುಡುಕೋಕೆ ಲಿಂಕ್ಡ್‌ಇನ್. ಆಲೆಮನೆಯವನಿಗೆ ಅಲ್ಲೇನು ಕೆಲಸ ಅಂತ ಅಪ್ಪ ನಕ್ಕಿದ್ದರು. ಆದರೆ ಪರ್ಚೇಸ್‌ನವರು, ಕ್ವಾಲಿಟಿಯವರು ಹೆಸರು ಹುದ್ದೆ ಸಮೇತ ಸಿಗೋದು ಅಲ್ಲೇ. ನಿಮ್ಮ ಹೆಸರಿನ ಕೆಳಗೆ "ಸಿಇಒ" ಬೇಡ. "ಹೈಡ್ರೋಸ್ ಹಾಕದ ಮಂಡ್ಯ ಬೆಲ್ಲ, ಸಗಟು ಪೂರೈಕೆ" ಅಂದ್ರೆ ಸಾಕು. (ಹೈಡ್ರೋಸ್ ಅಂದ್ರೆ ಬೆಲ್ಲದ ಬಣ್ಣ ತಿಳಿಯಾಗಿಸೋಕೆ ಹಾಕೋ ರಾಸಾಯನಿಕ; ಅದರಿಂದ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಯುತ್ತೆ.) ಪರಿಚಯದ ಕೋರಿಕೆಯ ಜೊತೆ ದರಪಟ್ಟಿ ತುರುಕಬೇಡಿ. ಮೊದಲು ಪೋಸ್ಟ್ ಓದಿಸಿ.

ಯಾವ ಪೋಸ್ಟ್? ನನಗೆ ಫಲ ಕೊಟ್ಟದ್ದು ಲ್ಯಾಬ್ ವರದಿ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷ ಪಾಲಿಗೆ 70 ಪಾಲು) ದಾಟಬಾರದು ಅನ್ನೋದು ನಿಯಮ. ನಮ್ಮ ಬ್ಯಾಚಿನ ವರದಿಯ ಫೋಟೊ ಹಾಕಿ, ಹೈಡ್ರೋಸ್ ಹಾಕದಿದ್ರೆ ಬೆಲ್ಲ ಯಾಕೆ ಕಂದಾಗುತ್ತೆ, ಕೊಳೆ ತೆಗೆಯೋಕೆ ಬೆಂಡೆ ಗಿಡದ ಲೋಳೆ ಹೇಗೆ ಹಾಕ್ತೀವಿ ಅಂತ ನಾಲ್ಕು ಸಾಲು ಬರೆದೆ. ಲೈಕು ಹನ್ನೊಂದು. ಅದರಲ್ಲೊಬ್ಬರು ಸ್ಯಾಂಪಲ್ ಕೇಳಿದರು.

ಆ ಸ್ಯಾಂಪಲ್ ವಾಪಸ್ ಬಂತು, ಅದನ್ನೂ ಹೇಳಿಬಿಡ್ತೀನಿ. ಫೋಟೊಗೆ ಫಿಲ್ಟರ್ ಹಾಕಿದ್ದೆ; ಫೋನಿನಲ್ಲಿ ಚಿನ್ನ, ಡಬ್ಬಿಯಲ್ಲಿ ಕಾಫಿಪುಡಿ ಬಣ್ಣ. "ಬಣ್ಣದಲ್ಲೇ ಹೀಗಾದ್ರೆ ವರದಿ ಹೆಂಗ್ರೀ ನಂಬೋದು?" ಅಂದರು. ಅವತ್ತಿಂದ ಬೆಳಗಿನ ಬೆಳಕಲ್ಲಿ, ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟು ಫೋಟೊ ತೆಗೀತೀವಿ, ಹಾಳೆ ಮೇಲೆ ಬ್ಯಾಚ್ ನಂಬರ್, ತಾರೀಖು.

ಈಗ ಅಚ್ಚು ಕಳಚೋ ಮುಂಚೆ ಅಪ್ಪನೇ ಕೂಗ್ತಾರೆ: "ಲೋ, ಬಿಳಿ ಹಾಳೆ ತಂದ್ಯೇನ್ಲಾ?"