ಬ್ರಿಟನ್ನಿನ ಹಿತ್ತಲಲ್ಲಿ ಕೋಳಿ ಸಾಕುವವರಿಗೆ

ಬ್ರಿಟನ್ನಿಗೆ ಬಂದು ನೆಲೆಸಿ, ಫ್ಲಾಟ್ ಬಿಟ್ಟು ಹಿತ್ತಲಿರುವ ಮನೆಗೆ ಹೋದ ಕನ್ನಡಿಗರಲ್ಲಿ ಅನೇಕರಿಗೆ ಕರಿಬೇವಿನ ಕುಂಡದ ನಂತರ ಹುಟ್ಟುವ ಆಸೆ ಕೋಳಿಯದು. ನಮ್ಮ ಹಳ್ಳಿಗಳಲ್ಲಿ ಕೋಳಿ ಸಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಗಲೆಲ್ಲ ಬೀದಿಯಲ್ಲಿ ಕೆದಕಿ ಮೇದು, ಸಂಜೆಗೆ ಮಂಕರಿಯಡಿ ಸೇರಿದರೆ ಆಯಿತು. ಇಲ್ಲಿಯೂ ಸಾಕಬಹುದು, ಶುಲ್ಕವೇನೂ ಇಲ್ಲ. ಆದರೆ ನೀವು ಅವುಗಳಿಗೆ ಹೆಸರಿಟ್ಟು ಮಕ್ಕಳಂತೆ ಮುದ್ದಿಸಿದರೂ, ಇಲ್ಲಿಯ ಕಾನೂನು ಕೋಳಿಯನ್ನು ನಾಯಿ ಬೆಕ್ಕುಗಳ ಜೊತೆಗಲ್ಲ, ಹಸು ಕುರಿ ಹಂದಿಗಳ ಜೊತೆಗೆ ಸೇರಿಸುತ್ತದೆ. ಮುಂದೆ ಬರುವ, ಮೊದಲ ನೋಟಕ್ಕೆ ವಿಚಿತ್ರವೆನಿಸುವ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹೊರಟಿವೆ.

ಮೊದಲನೆಯದು ನೋಂದಣಿ. 2024ರವರೆಗೆ ಗ್ರೇಟ್ ಬ್ರಿಟನ್ನಿನಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿದ್ದವರಿಗೆ ಮಾತ್ರ ನೋಂದಣಿ ಕಡ್ಡಾಯವಾಗಿತ್ತು. ಹಕ್ಕಿಜ್ವರ ವರ್ಷ ವರ್ಷವೂ ಮರುಕಳಿಸಿದ ಮೇಲೆ, ಸ್ಕಾಟ್ಲೆಂಡಿನಲ್ಲಿ 2024ರ ಸೆಪ್ಟೆಂಬರ್ 1ರಿಂದಲೂ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅಕ್ಟೋಬರ್ 1ರಿಂದಲೂ ಒಂದೇ ಒಂದು ಕೋಳಿ ಇದ್ದರೂ ಹೆಸರು ಬರೆಸಲೇಬೇಕಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನವರು ಎಪಿಎಚ್‌ಎ ಎಂಬ ಪ್ರಾಣಿ ಮತ್ತು ಸಸ್ಯ ಆರೋಗ್ಯ ಸಂಸ್ಥೆಯಲ್ಲಿ ಆನ್‌ಲೈನ್ ಮೂಲಕ ಇದನ್ನು ಮಾಡಬಹುದು. ಹಕ್ಕಿ ಮನೆಗೆ ಬಂದ ಒಂದು ತಿಂಗಳೊಳಗೆ ವಿಳಾಸ, ಹಕ್ಕಿಯ ಜಾತಿ, ಸಂಖ್ಯೆ, ಸಾಕುವ ಉದ್ದೇಶ ಇಷ್ಟನ್ನು ತುಂಬಬೇಕು. ಮನೆಯೊಳಗಿನಿಂದ ಎಂದೂ ಹೊರಗೆ ಬಿಡದ ಗಿಳಿ, ಲವ್‌ಬರ್ಡ್‌ಗಳಿಗೆ ಮಾತ್ರ ವಿನಾಯಿತಿ. ಅದಾದ ಮೇಲೆ ಅಧಿಕಾರಿಗಳು ಬಂದು ಬಾಗಿಲು ತಟ್ಟುತ್ತಾರೆಂಬ ಭಯ ಬೇಡ. ನಿಮ್ಮ ಸುತ್ತಮುತ್ತ ರೋಗ ಕಂಡಾಗ ಎಚ್ಚರಿಕೆಯ ಸಂದೇಶ ಬರುವುದು ಈ ಪಟ್ಟಿಯಲ್ಲಿ ಹೆಸರಿದ್ದವರಿಗೇ, ಆದ್ದರಿಂದ ಇದರಿಂದ ನಿಮಗೇ ಅನುಕೂಲ.

ನಮ್ಮವರು ಗೊತ್ತಿಲ್ಲದೆಯೇ ಮುರಿಯಬಹುದಾದ ನಿಯಮವೆಂದರೆ ಮೇವಿನದು. ರಾತ್ರಿ ಉಳಿದ ಅನ್ನ, ಮುದ್ದೆಯ ಚೂರು, ತರಕಾರಿಯ ಸಿಪ್ಪೆ ಇವು ಕೋಳಿಯ ಪಾಲು ಎಂಬುದು ನಮ್ಮ ಮನೆಗಳಲ್ಲಿ ಯೋಚಿಸದೆ ನಡೆದುಬಂದ ರೂಢಿ. ಇಲ್ಲಿ ಅಡುಗೆಮನೆಯನ್ನು ಹಾದುಬಂದ ಯಾವ ಆಹಾರವನ್ನೂ ಕೋಳಿಗೆ ಹಾಕುವುದು ಅಪರಾಧ. 2001ರಲ್ಲಿ ಇಂಗ್ಲೆಂಡಿನ ಈಶಾನ್ಯದ ನಾರ್ಥಂಬರ್ಲೆಂಡಿನ ಒಂದು ಹಂದಿ ಫಾರ್ಮಿನಲ್ಲಿ ಸರಿಯಾಗಿ ಕುದಿಸದ ಎಂಜಲು ತಿನ್ನಿಸಿದ್ದರಿಂದ ಹಬ್ಬಿತೆನ್ನಲಾದ ಕಾಲುಬಾಯಿ ರೋಗದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಈ ನಿಷೇಧದ ಹಿಂದೆ ಆ ನೆನಪಿದೆ. ಇದರಿಂದ ಹೊರತಾಗಿರುವುದು ಸಂಪೂರ್ಣ ವೀಗನ್ ಮನೆ ಮಾತ್ರ. ‘ನಾವು ಶುದ್ಧ ಸಸ್ಯಾಹಾರಿಗಳು’ ಎಂದರೆ ಸಾಲದು, ಏಕೆಂದರೆ ಹಾಲು, ಮೊಸರು, ತುಪ್ಪ ಓಡಾಡುವ ಅಡುಗೆಮನೆಯೂ ನಿಷೇಧದೊಳಗೇ ಬರುತ್ತದೆ. ಹೀಗಾಗಿ ಒಂದೇ ಕೋಸಿನ ವಿಷಯದಲ್ಲಿ ಎರಡು ನ್ಯಾಯ: ತೋಟದಲ್ಲಿ ಕಿತ್ತು ಅಲ್ಲಿಯೇ ಹೊರ ಎಲೆ ಸುಲಿದು ಹಾಕಿದರೆ ಸರಿ, ಒಳಗೆ ಒಯ್ದು ಹೆಚ್ಚಿ ಉಳಿದ ದಂಟನ್ನು ತಂದು ಹಾಕಿದರೆ ತಪ್ಪು. ಅಂಗಡಿಗಳಲ್ಲಿ ಕಾಡುಹಕ್ಕಿಗಳಿಗೆಂದು ಮಾರುವ ಒಣಗಿದ ಹುಳುಗಳನ್ನೂ ಕೋಳಿಗೆ ಹಾಕುವಂತಿಲ್ಲ. ಮೊಟ್ಟೆಕೋಳಿಗೆಂದೇ ಸಿಗುವ, ಸುಮಾರು 16 ಶೇಕಡಾ ಪ್ರೋಟೀನ್ ಇರುವ ಲೇಯರ್ಸ್ ಪೆಲೆಟ್ ದಿನಕ್ಕೆ ಒಂದು ಕೋಳಿಗೆ 120ರಿಂದ 130 ಗ್ರಾಂ ಬೇಕಾಗುತ್ತದೆ; ಸಂಜೆಗೆ ಒಂದು ಹಿಡಿ ಗೋಧಿ ಚೆಲ್ಲಿದರೆ ಕೆದಕುವ ಆಸೆಯೂ ತೀರುತ್ತದೆ. ಮೇವಿನ ಚೀಲವನ್ನು ಶೆಡ್‌ನಲ್ಲಿ, ಇಲಿ ಕೊರೆಯದ ತಗಡಿನ ಡಬ್ಬದಲ್ಲಿ ಇಡಿ.

ಹಕ್ಕಿಜ್ವರದ ಕಾಲದಲ್ಲಿ ‘ಹೌಸಿಂಗ್ ಆರ್ಡರ್’ ಹೊರಡುತ್ತದೆ. ವಲಸೆ ಬರುವ ಬಾತು, ಹೆಬ್ಬಾತುಗಳು ಚಳಿಗಾಲದಲ್ಲಿ ಸೋಂಕನ್ನು ತರುವುದರಿಂದ, ಆದೇಶ ಹೊರಟೊಡನೆ ಅದರ ವ್ಯಾಪ್ತಿಗೆ ಬರುವ ಕೋಳಿಗಳನ್ನೆಲ್ಲ ಮುಚ್ಚಿದ ಜಾಗದಲ್ಲಿಡಬೇಕು. ಇಂಗ್ಲೆಂಡಿನಲ್ಲಿ 2022ರ ನವೆಂಬರ್ 7ರಂದು ಬಂದ ಆದೇಶ ತೆರವಾದದ್ದು 2023ರ ಏಪ್ರಿಲ್ 18ರಂದು. ಐದು ತಿಂಗಳಿಗೂ ಹೆಚ್ಚು ಕಾಲ ಹಕ್ಕಿಗಳು ಗೂಡಿನ ಪೆಟ್ಟಿಗೆಯಲ್ಲೇ ಕೂತರೆ ಒಂದನ್ನೊಂದು ಕುಕ್ಕಿ ಗರಿ ಕೀಳುತ್ತವೆ. ಆದ್ದರಿಂದ ಗೂಡು ಕೊಳ್ಳುವ ದಿನವೇ, ಮೇಲೆ ನೀರು ಸೋರದ ಪಾರದರ್ಶಕ ಶೀಟು, ಸುತ್ತ 25 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ ಇರುವ, ನೀವು ನೆಟ್ಟಗೆ ನಿಲ್ಲಬಹುದಾದಷ್ಟು ಎತ್ತರದ ಓಡಾಟದ ಆವರಣವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗೂಡಿಗೆ ಮಾತ್ರ ಹಣವಿದೆ, ಆವರಣಕ್ಕಿಲ್ಲ ಎನ್ನುವವರು ಇನ್ನೊಂದು ವರ್ಷ ಕಾಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆದೇಶವಿಲ್ಲದಾಗಲೂ ಮೇವು, ನೀರು ಕಾಡುಹಕ್ಕಿಗೆ ಎಟುಕದಂತಿರಬೇಕು. ರೋಗ ಖಚಿತವಾದ ಸ್ಥಳದ ಸುತ್ತ 3 ಕಿಲೋಮೀಟರ್ ರಕ್ಷಣಾ ವಲಯ, 10 ಕಿಲೋಮೀಟರ್ ನಿಗಾ ವಲಯ ಘೋಷಿಸುತ್ತಾರೆ. ಅದರೊಳಗಿದ್ದರೆ ಹಕ್ಕಿಗಳನ್ನು ಸಾಗಿಸಲು ಪರವಾನಗಿ ಬೇಕು. ಹಿತ್ತಲ ಕೋಳಿಗೆ ಹಕ್ಕಿಜ್ವರದ ಲಸಿಕೆ ಹಾಕಿಸುವ ಅವಕಾಶ ಇಲ್ಲಿಲ್ಲ. ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯುವ ನ್ಯೂಕ್ಯಾಸಲ್ ಕಾಯಿಲೆಯ ಗುಮಾನಿ ಬಂದರೂ, ಹಕ್ಕಿಜ್ವರದ ಗುಮಾನಿಯಂತೆಯೇ, ತಕ್ಷಣ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ.

ಗೂಡಿಗೆ ಸಾಮಾನ್ಯವಾಗಿ ಕೌನ್ಸಿಲ್‌ನ ಪ್ಲ್ಯಾನಿಂಗ್ ಅನುಮತಿ ಬೇಕಾಗುವುದಿಲ್ಲ, ಆದರೆ ಬೇಲಿಯಿಂದ 2 ಮೀಟರಿನೊಳಗೆ ಕಟ್ಟಿದರೆ ಎತ್ತರ 2.5 ಮೀಟರ್ ಮೀರಬಾರದು. ಬಾಡಿಗೆದಾರರಿಗೆ ಒಂದು ಹಳೆಯ ಕಾನೂನು ನೆರವಾಗುತ್ತದೆ. ಯುದ್ಧಾನಂತರ ಮೊಟ್ಟೆ ಇನ್ನೂ ಪಡಿತರದಲ್ಲಿದ್ದಾಗ ಬಂದ 1950ರ ಅಲಾಟ್‌ಮೆಂಟ್ಸ್ ಆ್ಯಕ್ಟ್‌ನ 12ನೆಯ ಸೆಕ್ಷನ್, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ, ಬಾಡಿಗೆ ಕರಾರಿನಲ್ಲಿ ಏನೇ ಬರೆದಿದ್ದರೂ ವ್ಯಾಪಾರಕ್ಕಲ್ಲದೆ ಹೇಂಟೆ ಮತ್ತು ಮೊಲ ಸಾಕುವ ಹಕ್ಕನ್ನು ಜಾಗದಲ್ಲಿರುವವರಿಗೆ ಕೊಡುತ್ತದೆ. ಆದರೂ ಸೆಕ್ಷನ್ ಹಿಡಿದು ಮಾಲೀಕರೊಡನೆ ವಾದಕ್ಕಿಳಿಯುವ ಮೊದಲು ಒಂದು ಇಮೇಲ್ ಬರೆದು ಕೇಳುವುದು ಜಾಣತನ. ಈ ಹಕ್ಕು ಹುಂಜಕ್ಕೆ ಅನ್ವಯಿಸುವುದಿಲ್ಲ, ನೆರೆಯವರಿಗೆ ತೊಂದರೆ ಕೊಡಲೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿ ನಾಲ್ಕೂವರೆಗೇ ಬೆಳಕಾಗುತ್ತದೆ, ಹುಂಜವೂ ಆಗಲೇ ಕೂಗುತ್ತದೆ. ದೂರು ಹೋದರೆ 1990ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಕೌನ್ಸಿಲ್ ನೋಟಿಸ್ ಕೊಡಬಹುದು. ಮೊಟ್ಟೆಗೆ ಹುಂಜ ಬೇಕಿಲ್ಲದಿರುವಾಗ ಪಟ್ಟಣದಲ್ಲಿ ಅದನ್ನು ಸಾಕದಿರುವುದೇ ಲೇಸು.

ನರಿ ಹಳ್ಳಿಯದೆಂದು ತಿಳಿಯಬೇಡಿ, ಲಂಡನ್ನಿನ ಬೀದಿಗಳಲ್ಲಿ ಹಗಲೇ ಓಡಾಡುತ್ತದೆ. ಷಟ್ಕೋನ ಕಣ್ಣಿನ ತೆಳು ಚಿಕನ್ ವೈರ್ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನರಿಯನ್ನು ಹೊರಗಿಡುವುದಿಲ್ಲ. ಅದಕ್ಕೆ ಬೆಸೆದ ವೆಲ್ಡ್‌ಮೆಶ್ ಬೇಕು, ಮತ್ತು ಕೆಳಗಿನಿಂದ ಅಗೆಯದಂತೆ ಅದನ್ನು ನೆಲದ ಮೇಲೆ ಹೊರಮುಖವಾಗಿ ಹಾಸಬೇಕು. ಇನ್ನೊಂದು ಶತ್ರು ಕೋಳಿಯ ರಕ್ತ ಹೀರುವ, ಕಣ್ಣಿಗೆ ಬೀಳದ ಕೆಂಪು ನುಸಿ. ಹಗಲಲ್ಲಿ ಅದು ಮರದ ಸಂದಿಯಲ್ಲಿ ಅಡಗಿರುತ್ತದೆ. ಬೇಸಿಗೆಯ ರಾತ್ರಿ ಟಾರ್ಚ್ ಹಿಡಿದು, ಕೋಳಿ ಕೂರುವ ಅಡ್ಡಪಟ್ಟಿಯ ತುದಿಯನ್ನು ಬಿಳಿ ಟಿಶ್ಯೂವಿನಿಂದ ಒರೆಸಿ ನೋಡಿ. ಬೂದಿಯಂತಹ ಪುಡಿಯ ನಡುವೆ ರಕ್ತದ ಗೆರೆ ಮೂಡಿದರೆ ಮಾರನೆಯ ದಿನವೇ ಗೂಡನ್ನು ಬಿಚ್ಚಿ ತೊಳೆಯಬೇಕು. ಮರದ ಗೂಡಿಗಿಂತ ಪ್ಲಾಸ್ಟಿಕ್ ಗೂಡನ್ನು ಹಲವರು ಮೆಚ್ಚುವುದು ಇದಕ್ಕೇ.

ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಮೊಟ್ಟೆ ಇಡಲು ಹದಿನಾಲ್ಕು ಗಂಟೆಯಷ್ಟಾದರೂ ಬೆಳಕು ಬೇಕು. ಆದ್ದರಿಂದ ಚಳಿಗಾಲದಲ್ಲಿ ಮೊಟ್ಟೆ ನಿಂತರೆ ಅದು ಕಾಯಿಲೆಯಲ್ಲ. ಬೇಸಿಗೆಯಲ್ಲಿ ಮಿಕ್ಕ ಮೊಟ್ಟೆಯನ್ನು ನೆರೆಯವರಿಗೆ ಕೊಡಬಹುದು, ನಿಮ್ಮ ಬಾಗಿಲಲ್ಲೇ ಮುದ್ರೆಯಿಲ್ಲದೆ ಮಾರಲೂಬಹುದು. ಆದರೆ ಅಂಗಡಿಗಾಗಲಿ ಹೋಟೆಲಿಗಾಗಲಿ ಕೊಡಬೇಕಾದರೆ ಮೊಟ್ಟೆ ನೋಂದಾಯಿತ ಪ್ಯಾಕಿಂಗ್ ಕೇಂದ್ರದಲ್ಲಿ ದರ್ಜೆಯಾಗಿರಬೇಕು. ಮಾಂಸದ ವಿಷಯ ಇನ್ನೂ ಬಿಗಿ: ಮನೆಯಲ್ಲಿ ಕೊಂದ ಕೋಳಿಯನ್ನು ನೀವು ಮತ್ತು ನಿಮ್ಮ ಮನೆಯವರು ಮಾತ್ರ ತಿನ್ನಬಹುದು. ರಾಜ್ಯೋತ್ಸವದ ಊಟಕ್ಕೆ ಹಿತ್ತಲ ಕೋಳಿಯ ಸಾರು ಒಯ್ಯುವುದು ಕಾನೂನುಬಾಹಿರ. ಪ್ರಜ್ಞೆ ತಪ್ಪಿಸದೆ ಕತ್ತು ಕೊಯ್ಯುವುದಕ್ಕೂ ಮನೆಯಲ್ಲಿ ಅವಕಾಶವಿಲ್ಲ.

ತಾನಾಗಿ ಸತ್ತ ಕೋಳಿಯನ್ನು ಗಿಡದ ಬುಡದಲ್ಲಿ ಹೂಳುವಂತಿಲ್ಲ. ಪಶುವೈದ್ಯರ ಮೂಲಕವೋ ಮಾನ್ಯತೆಯುಳ್ಳ ಸಂಗ್ರಹಕಾರರ ಮೂಲಕವೋ ವಿಲೇವಾರಿ ಮಾಡಬೇಕು. ಜಂತಿನ ಔಷಧ ಸೇರಿದಂತೆ ಕೊಟ್ಟ ಪ್ರತಿಯೊಂದು ಔಷಧದ ಲೆಕ್ಕವನ್ನು 5 ವರ್ಷ ಇಟ್ಟುಕೊಳ್ಳಬೇಕು, ಏಕೆಂದರೆ ಮೊಟ್ಟೆ ತಿನ್ನುವುದು ನೀವೊಬ್ಬರೇ ಆದರೂ ಕೋಳಿ ‘ಆಹಾರ ಕೊಡುವ ಪ್ರಾಣಿ’ ಎಂಬ ವರ್ಗಕ್ಕೆ ಸೇರುತ್ತದೆ.

ಶಾಲೆಯ ರಜೆಯಲ್ಲಿ ಊರಿಗೆ ಹೋಗುವವರು ಟಿಕೆಟ್ ಕೊಳ್ಳುವ ಮೊದಲೇ ಕೋಳಿ ನೋಡುವವರನ್ನು ಗೊತ್ತುಮಾಡಿಕೊಳ್ಳಬೇಕು. 2006ರ ಪ್ರಾಣಿ ಕಲ್ಯಾಣ ಕಾಯಿದೆಯ ಪ್ರಕಾರ, ನೀವು ಮಂಡ್ಯದಲ್ಲಿದ್ದರೂ ಹಿತ್ತಲ ಕೋಳಿಯ ಹೊಣೆ ನಿಮ್ಮದೇ. ‘ಅಷ್ಟೂ ದಿನದ ಮೊಟ್ಟೆ ನಿಮ್ಮದೇ’ ಎಂದರೆ ಪಕ್ಕದ ಮನೆಯವರು ಸಾಮಾನ್ಯವಾಗಿ ಒಪ್ಪುತ್ತಾರೆ. ಇಲ್ಲವಾದರೆ ಹಣ ಪಡೆದು ಕೋಳಿಗಳನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಹಿಂತಿರುಗಿದಾಗ, ಊರಿನಲ್ಲಿ ಕೋಳಿಗಳ ನಡುವೆ ಓಡಾಡಿದ ಚಪ್ಪಲಿ, ಶೂಗಳನ್ನು ಉಜ್ಜಿ ತೊಳೆದು ಸೋಂಕುನಿವಾರಕ ಹಾಕುವವರೆಗೆ ಅವುಗಳನ್ನು ತೊಟ್ಟು ಗೂಡಿನ ಬಳಿ ಹೋಗಬೇಡಿ.