ಹಾಲ್‌ನ ಆಡಿಯೋ ಸೆಟ್ಟಿಗೆ ಡಿಬಿಯಿಂದ ಬೇರೆ ಲೈನ್ ಎಳೆಸಿದ್ದು: ನನ್ನ ಅನುಭವ

ಆಡಿಯೋ ಸೆಟ್ಟಿಗೇ ಅಂತ ಡಿಬಿಯಿಂದ, ಅಂದ್ರೆ ಮನೆಗೆಲ್ಲಾ ಕರೆಂಟ್ ಹಂಚೋ ಬೋರ್ಡಿಂದ, ಬೇರೆ ಲೈನ್ ಎಳೆಸ್ತೀನಿ ಅಂದಾಗ "ದುಡ್ಡು ಜಾಸ್ತಿ ಆಗಿದ್ಯಾ ಮಗಾ ನಿಂಗೆ" ಅಂದಿದ್ದ ಫ್ರೆಂಡ್ಸೇ ಈಗ ಮನೆಗೆ ಬಂದು ಹಾಡು ಕೇಳ್ಕೊಂಡು ಹೋಗಿ, ವೈರ್ ಎಷ್ಟು ಸ್ಕ್ವೇರ್ (ದಪ್ಪದ ಲೆಕ್ಕ, ಸ್ಕ್ವೇರ್ ಎಂಎಂ), ಎಂಸಿಬಿ (ಕರೆಂಟ್ ಜಾಸ್ತಿ ಎಳೆದ್ರೆ ತಾನೇ ಕಟ್ ಆಗೋ ಸ್ವಿಚ್) ಯಾವ್ದು ಅಂತ ಮೆಸೇಜ್ ಮಾಡ್ತಿದಾರೆ. ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರ್ದುಬಿಡ್ತೀನಿ.

ನಮ್ದು ಬಸವನಗುಡಿ ಕಡೆ ಹಳೇ ಮನೆ, ತ್ರೀ ಫೇಸ್ ಇದೆ. ಆಂಪ್ಲಿಫೈಯರ್, ಡ್ಯಾಕ್ (ಡಿಜಿಟಲ್ ಹಾಡನ್ನ ಅನಲಾಗ್ ಮಾಡೋ ಪೆಟ್ಟಿಗೆ), ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಎಲ್ಲಾ ಒಂದೇ 6 ಆಂಪ್ಸ್ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಓಡಿಸ್ತಿದ್ದೆ. ಫ್ರಿಜ್ ಆನ್ ಆದ್ರೆ ಸ್ಪೀಕರಲ್ಲಿ ಟಪ್, ಫ್ಯಾನ್ ಎರಡಕ್ಕೆ ಇಟ್ರೆ ಝುಂಯ್. ಮೊದ್ಲು ಕರೆಂಟಿನ ಗಲೀಜು ಸೋಸೋ ಪವರ್ ಕಂಡೀಷನರ್ ಒಂದು ತಂದೆ, ಹನ್ನೆರಡು ಸಾವಿರ ಹೋಯ್ತು, ಬೇಸ್ ಸೊರಗ್ತು, ಅರ್ಧ ರೇಟಿಗೆ ಮಾರ್ದೆ. ಆಮೇಲೆ ರೋಡಿಯಂ ಪ್ಲೇಟಿಂಗ್ ಇರೋ ಫಾರಿನ್ ಸಾಕೆಟ್ ಒಂದು, ಒಂಬತ್ತು ಸಾವಿರದ ಹತ್ರ, ಅದೇ ಹಳೇ 1.5 ಸ್ಕ್ವೇರ್ ವೈರ್ ತುದಿಗೆ ಹಾಕಿದ್ರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಮೆರಿಕದ ಹಾಸ್ಪಿಟಲ್ ಗ್ರೇಡ್ ಸಾಕೆಟ್ ತರ್ಸು ಅಂತ ಒಬ್ಬ ಬೆನ್ನು ಬಿದ್ದಿದ್ದ, ಅವು 125 ವೋಲ್ಟಿಗೆ ಮಾಡಿರೋವು ಕಣಪ್ಪಾ, ನಮ್ಮ 230ಕ್ಕೆ ಹಾಕೋ ಹಾಗೇ ಇಲ್ಲ.

ಸಾಕೆಟ್ ಬಿಟ್ಟು ವೈರ್ ಹಿಡಿಯೋಣ ಅಂತ ಬಿವಿಕೆ ಅಯ್ಯಂಗಾರ್ ರೋಡಿಗೆ ಹೋಗಿ 4 ಸ್ಕ್ವೇರ್ ತಾಮ್ರದ್ದು ತಂದೆ, ಫೇಸ್ ನ್ಯೂಟ್ರಲ್ ಅರ್ಥ್ ಮೂರೂ 4. ಡಿಬಿಯಿಂದ ಹಾಲ್‌ಗೆ 18 ಮೀಟರ್ ಇರ್ಬೇಕು. ಎಲೆಕ್ಟ್ರಿಷಿಯನ್ ನೋಡಿ, "ಸಾರ್, ಹಾಲಲ್ಲಿ ಗೀಸರ್ ಹಾಕ್ತೀರಾ?" ಅಂದ. ಪಂಪು ಗೀಸರ್ ಒಂದು ಫೇಸಲ್ಲಿ, ಫ್ರಿಜ್ಜು ಯುಪಿಎಸ್ ಇನ್ನೊಂದರಲ್ಲಿ ಇತ್ತು, ಖಾಲಿ ಇದ್ದ ಮೂರನೇದನ್ನ ತಗೊಂಡ್ವಿ. 16 ಆಂಪ್ಸ್ ಬಿ ಕರ್ವ್ (ಕ್ಷಣದ ಎಳೆತಕ್ಕೂ ಬೇಗ ಕಟ್ ಆಗೋ ಟೈಪ್) ಎಂಸಿಬಿ ಹಾಕಿದ್ದ, ಆಂಪ್ಲಿಫೈಯರ್‌ದು ದೊಡ್ಡ ಟೊರಾಯ್ಡ್ (ಬಳೆ ಆಕಾರದ ಟ್ರಾನ್ಸ್‌ಫಾರ್ಮರ್), ಆನ್ ಮಾಡಿದ ತಕ್ಷಣ ಎಳೆಯೋ ಕರೆಂಟಿಗೇ ಟ್ರಿಪ್ಪು. ಅಂಥ ಎಳೆತ ತಡ್ಕೊಳ್ಳೋ ಸಿ ಕರ್ವ್ ಹಾಕಿದ್ಮೇಲೆ ನಿಂತ್ಕೊಳ್ತು.

ತಲೆ ತಿಂದಿದ್ದು ಆರ್‌ಸಿಸಿಬಿ, ಅಂದ್ರೆ ಫೇಸಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಲ್ಲಿ ಬಂದ ಕರೆಂಟಿಗೂ ತಾಳೆ ಆಗ್ದಿದ್ರೆ ಲೈನ್ ಕಟ್ ಮಾಡೋ ಸ್ವಿಚ್. ಈ ಲೈನಿಗೇ ಅಂತ 30 ಮಿಲಿ ಆಂಪ್ಸ್‌ದು ಹಾಕ್ಸಿದ್ದೆ, ಹಗಲೆಲ್ಲಾ ಸರಿ ಇರೋದು, ಸಂಜೆ ಟ್ಯೂಬ್‌ಲೈಟ್ ಹಾಕಿದ್ರೆ ಹಾಡು ಕಟ್. ಟ್ಯೂಬ್‌ಲೈಟಿಗೂ ಆಂಪ್ಲಿಫೈಯರಿಗೂ ಏನು ಸಂಬಂಧ ಅಂತ ಎಲ್ರೂ ನಗ್ತಿದ್ರು. ಕೊನೆಗೆ ಬೋರ್ಡ್ ಬಿಚ್ಚಿ ನೋಡಿದ್ರೆ ಪುಣ್ಯಾತ್ಮ ಹಳೇ ಲೈಟಿನ ನ್ಯೂಟ್ರಲ್ ಉದ್ದ ಸಾಲ್ದು ಅಂತ ನನ್ನ ಹೊಸ ನ್ಯೂಟ್ರಲ್‌ಗೇ ಸುತ್ತಿ ಟೇಪ್ ಹೊಡೆದಿದ್ದ! ಲೈಟಿನ ಕರೆಂಟು ಆರ್‌ಸಿಸಿಬಿ ಒಳಗಿಂದ ವಾಪಸ್ ಹೋಗ್ತಿತ್ತು, ಟ್ರಿಪ್ ಆಗ್ದೇ ಇನ್ನೇನು. ನ್ಯೂಟ್ರಲ್ ಬೇರೆ ಇಲ್ಲ ಅಂದ್ರೆ ಅದು ಡೆಡಿಕೇಟೆಡ್ ಲೈನೇ ಅಲ್ಲ, ಬರೀ ದಪ್ಪ ವೈರ್ ಅಷ್ಟೇ.

ಹೊಸ ಲೈನಿಂದ ಏನು ಲಾಭ ಅಂತ ಡೌಟ್ ಇದ್ದೋರಿಗೆ ಇಸ್ತ್ರಿಪೆಟ್ಟಿಗೆ ಟೆಸ್ಟ್ ತೋರಿಸ್ತೀನಿ. ಸಾವಿರ ವ್ಯಾಟಿಂದು ಒಂದು ಸಾಕೆಟ್ಟಿಗೆ, ಪಕ್ಕದ್ದಕ್ಕೆ ವೋಲ್ಟ್ ಮೀಟರ್. ಹಳೇ ಬೋರ್ಡಲ್ಲಿ ಆರೇಳು ವೋಲ್ಟ್ ಬೀಳ್ತಿತ್ತು, ಈಗ ಎರಡರ ಒಳಗೆ. ಸಾಕೆಟ್ ಮಾತ್ರ ಇಲ್ಲಿನದೇ 16 ಆಂಪ್ಸ್‌ದು, ಇನ್ನೂರೈವತ್ತರ ಆಸುಪಾಸು, ಪ್ಲಗ್ ಎಳೆದ್ರೆ ಬೋರ್ಡೇ ಕಿತ್ಕೊಂಡ್ ಬರೋ ಅಷ್ಟು ಗ್ರಿಪ್. ಒಂದು ಸಾಕೆಟ್ಟಿಂದ ಇನ್ನೊಂದಕ್ಕೆ ವೈರ್ ಲೂಪ್ ಮಾಡಿಲ್ಲ, ಹೆಂಗೆ ಮಾಡ್ದೆ ಅನ್ನೋದು ನನ್ನ ಹತ್ರನೇ ಇರ್ಲಿ.

ಟಪ್ ಹೋಯ್ತು, ಝುಂಯ್ ಸ್ವಲ್ಪ ಉಳಿದಿತ್ತು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕಿತ್ತು ಕೆಪಾಸಿಟರ್ ಸ್ಟೆಪ್ ಟೈಪ್ ಹಾಕಿದೆ, ಮುನ್ನೂರು ರೂಪಾಯಲ್ಲಿ ಅದೂ ಮಾಯ. ಇನ್ನೊಂದು ಮಜಾ, ಮಗಳು ಹೇರ್ ಡ್ರೈಯರ್ ಲೋ ಅಲ್ಲಿ ಇಟ್ರೆ ಟೊರಾಯ್ಡೇ ಗುಂಯ್ ಅನ್ನತ್ತೆ, ಹೈಗೆ ಹಾಕಿದ್ರೆ ಸುಮ್ನಾಗತ್ತೆ. ಅದ್ರೊಳಗೆ ಡಯೋಡ್ ಅರ್ಧ ಅಲೆ ಮಾತ್ರ ಬಿಡತ್ತೆ, ಅದ್ರಿಂದ ಲೈನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಸೇರ್ಕೊಳ್ಳತ್ತೆ. ಡಿಸಿ ಬ್ಲಾಕರ್ ಒಂದು ಕಟ್ತಾ ಇದೀನಿ.

ಬೇರೆ ಅರ್ಥ್ ಪಿಟ್ ತೋಡ್ಸು ಅಂತ ಹೇಳೋರು ಇದಾರೆ. ಮನೆ ಅರ್ಥಿಗೆ ಸೇರಿಸದೆ ಒಂಟಿ ಪಿಟ್ ಹಾಕೋದು, ಹಮ್ (ಸ್ಪೀಕರಿನ ಗುಂಯ್ ಸದ್ದು) ಹೋಗ್ಲಿ ಅಂತ ಅರ್ಥ್ ಪಿನ್ ಮುರಿಯೋದು, ಎರಡೂ ಪ್ರಾಣಕ್ಕೆ ಕುತ್ತು.

ಗೋಡೆ ಕೊರೆದು ಪ್ಯಾಚ್ ಹಾಕಿ ಬಣ್ಣ ಬಳಿಸಿದ್ದೂ ಸೇರಿ ಹದಿನೆಂಟು ಸಾವಿರದ ಹತ್ರ ಆಯ್ತು. ಸೌಂಡ್ ಸ್ಟೇಜ್ ಅಗಲ ಆಯ್ತು ಅಂತೆಲ್ಲ ನಾನು ಬುರುಡೆ ಬಿಡಲ್ಲ, ಹಾಡಿನ ನಡುವೆ ಗ್ಯಾಪಲ್ಲಿ ಸ್ಪೀಕರಿಗೆ ಕಿವಿ ಇಟ್ರೂ ಏನೂ ಕೇಳ್ಸಲ್ಲ, ಅಷ್ಟು ಗ್ಯಾರಂಟಿ. ಟರ್ನ್‌ಟೇಬಲ್ಲಲ್ಲಿ ಮಾತ್ರ ಒಂಚೂರು ಹಮ್ ಇದೆ, ಅದು ಫೋನೋ ಅರ್ಥ್ ವೈರಿಂದು, ಭಾನುವಾರ ಬಿಚ್ತೀನಿ.